ಕೈಗೆ ಕೊಟ್ಟು ಕಸಿದುಕೊಂಡ ಮೋಟಾರು

ಪ್ರತಿ ವರ್ಷ ಮಾರ್ಚ್ ಬಂತೆಂದರೆ ನನಗೊಂದು ಬರವಣಿಗೆಯ ಕೆಲಸ ಬೀಳುತ್ತದೆ. ಕಥೆಯಲ್ಲ, ಕವಿತೆಯಲ್ಲ, ವಾರ್ಷಿಕ ವರದಿ. ಪುಣೆಯಲ್ಲಿ ನಾವು ಕೆಲವರು ಸೇರಿ ನಡೆಸುವ ಸಣ್ಣದೊಂದು ಟ್ರಸ್ಟ್ ಇದೆ. ಊರಿನ ಒಂದು ಪುಟ್ಟ ಮ್ಯೂಸಿಯಂನಲ್ಲಿ ಮಕ್ಕಳಿಗಾಗಿ ನಡೆಯುವ ವಿಜ್ಞಾನ ಮತ್ತು ಚಿತ್ರಕಲೆಯ ಶಿಬಿರಗಳಿಗೆ ದುಡ್ಡು ಹೊಂದಿಸುವುದು, ಬಸ್ಸು ಗೊತ್ತುಮಾಡುವುದು, ಸಾಮಾನು ತರುವುದು, ಮಕ್ಕಳನ್ನು ಕರೆದೊಯ್ದು ಮತ್ತೆ ತಂದು ಬಿಡುವುದು ಅದರ ಕೆಲಸ. ಟ್ರಸ್ಟಿನ ಹೆಸರೂ ಮ್ಯೂಸಿಯಂ ಹೆಸರೂ ಇಲ್ಲಿ ಬೇಡ. ನಾನು ಹೇಳಹೊರಟ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ.

ಇಂಥ ವರದಿಗಳನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ, ವಿಮರ್ಶೆಯನ್ನಂತೂ ಯಾರೂ ಬರೆಯುವುದಿಲ್ಲ. ಆದರೆ ಹನ್ನೊಂದು ವರ್ಷ ಬರೆದ ಮೇಲೆ ಅವಕ್ಕೂ ಒಂದು ಛಂದಸ್ಸು ಇದೆಯೆಂದು ನನಗೆ ಗೊತ್ತಾಗಿದೆ. ಮೊದಲ ಪುಟದಲ್ಲಿ ನಗುವ ಮಗು. ಎರಡನೆಯ ಪುಟದಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಬಿರ ಎಂಬ ಲೆಕ್ಕ. ಮೂರನೆಯದರಲ್ಲಿ ಮಗುವೊಂದರ ಬಾಯಿಂದ ಬಂದಂತೆ ನಾವೇ ತಿದ್ದಿ ಬರೆದ ಮಾತು. ಕೊನೆಯಲ್ಲಿ ದಾನಿಗಳ ಹೆಸರು. ಎಲ್ಲ ಪುಟಗಳಲ್ಲೂ ಮತ್ತೆ ಮತ್ತೆ ಬರುವ ಪಲ್ಲವಿ ‘ಸ್ವತಃ ತನ್ನ ಕೈಯಿಂದ’ ಎಂಬುದು. ಮಗು ಸ್ವತಃ ತನ್ನ ಕೈಯಿಂದ ಮಾಡಿತು, ಮುಟ್ಟಿತು, ಕಲಿಯಿತು. ಈ ಲೇಖನ ಆ ಪಲ್ಲವಿಯ ಬಗ್ಗೆ.

ಹೋದ ವರ್ಷ ಜನವರಿಯ ಒಂದು ಭಾನುವಾರ ಹದಿನೆಂಟು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಎಲ್ಲರೂ ಹಿಂಜವಡಿಯ ಕಡೆ ಏಳುತ್ತಿದ್ದ ಒಂದು ದೊಡ್ಡ ಕಟ್ಟಡದ ಪಕ್ಕದ ಪತ್ರಾಸ್ ಶೆಡ್ಡುಗಳ ಮಕ್ಕಳು. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು. ನಾನು ಧಾರವಾಡದವಳು. ನನ್ನನ್ನು ಅವರು ‘ಅಕ್ಕೋರ’ ಎನ್ನುತ್ತಾರೆ. ಊರ ಶಾಲೆಯಲ್ಲಿ ಟೀಚರಿಗೆ ಅನ್ನುವ ಮಾತು ಅದು. ಆ ಗೌರವಕ್ಕೆ ಆ ದಿನ ನಾನು ತಕ್ಕವಳಾಗಿ ನಡೆದುಕೊಳ್ಳಲಿಲ್ಲ.

ಆ ದಿನದ ಪಾಠ ಸರಳ ಮೋಟಾರು. ಬೇಕಾದ ಸಾಮಾನು ಒಂದು ಬ್ಯಾಟರಿ ಸೆಲ್, ಎರಡು ಸೇಫ್ಟಿ ಪಿನ್ನು, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಒಂದು ಆಯಸ್ಕಾಂತ, ಎನಾಮಲ್ ಲೇಪವಿರುವ ತೆಳು ತಾಮ್ರದ ತಂತಿ. ತಂತಿಯನ್ನು ಸೆಲ್ಲಿನ ಸುತ್ತ ಹತ್ತು ಸಲ ಸುತ್ತಿ ಸುರುಳಿ ಮಾಡಬೇಕು. ಎರಡು ತುದಿಗಳನ್ನು ಆಚೀಚೆ ಚಾಚಿ ಪಿನ್ನಿನ ಕಣ್ಣಿನಲ್ಲಿ ಕೂರಿಸಬೇಕು. ಅದಕ್ಕೆ ಮೊದಲು ತುದಿಗಳ ಲೇಪವನ್ನು ಬ್ಲೇಡಿನಿಂದ ಕೆರೆಯಬೇಕು. ಗುಟ್ಟು ಇರುವುದು ಇಲ್ಲೇ. ಒಂದು ತುದಿಯನ್ನು ಸುತ್ತಲೂ ಕೆರೆಯಬೇಕು, ಇನ್ನೊಂದನ್ನು ಅರ್ಧ ಮಾತ್ರ.

ಯಾಕೆ ಅರ್ಧ? ಎರಡೂ ತುದಿ ಪೂರ್ತಿ ಕೆರೆದರೆ ಕರೆಂಟು ಸುರುಳಿಯಲ್ಲಿ ಸದಾ ಹರಿಯುತ್ತದೆ. ಮೊದಲರ್ಧ ಸುತ್ತಿನಲ್ಲಿ ಆಯಸ್ಕಾಂತ ಅದನ್ನು ಮುಂದಕ್ಕೆ ತಳ್ಳಿದರೆ ಉಳಿದರ್ಧದಲ್ಲಿ ಅದೇ ಬಲ ಹಿಂದಕ್ಕೆ ಎಳೆಯುತ್ತದೆ. ಸುರುಳಿ ತೊಟ್ಟಿಲ ಹಾಗೆ ಅತ್ತಿತ್ತ ತೂಗಿ ನಿಲ್ಲುತ್ತದೆ. ಒಂದು ತುದಿಯಲ್ಲಿ ಅರ್ಧ ಲೇಪ ಉಳಿಸಿದರೆ, ಎಳೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಕಡಿಯುತ್ತದೆ, ಸುರುಳಿ ತನ್ನ ಓಟದಲ್ಲೇ ಆ ಅರ್ಧವನ್ನು ದಾಟುತ್ತದೆ. ಕಾರ್ಖಾನೆಯ ಡಿ.ಸಿ. ಮೋಟಾರಿನಲ್ಲಿ ಕಮ್ಯುಟೇಟರ್ ನೋಡಿಕೊಳ್ಳುವ ಕೆಲಸವನ್ನು ಇಲ್ಲಿ ಆ ಅರ್ಧ ಲೇಪ ತಕ್ಕಮಟ್ಟಿಗೆ ಮಾಡುತ್ತದೆ. ಇಡೀ ಮೋಟಾರಿನ ವಿಜ್ಞಾನ ಆ ಒಂದು ಕೆರೆತದಲ್ಲಿದೆ. ನಮ್ಮ ಶಿಬಿರದಲ್ಲಿ ಇದನ್ನು ಯಾರೂ ಹೇಳಲಿಲ್ಲ. ‘ಇದನ್ನು ಪೂರ್ತಿ, ಇದನ್ನು ಅರ್ಧ’ ಎಂದು ಮರಾಠಿಯಲ್ಲಿ ಹೇಳಿದರು, ನಾನು ಕನ್ನಡಕ್ಕೆ ತಂದೆ.

ಹತ್ತು-ಹನ್ನೊಂದರ ಒಬ್ಬ ಹುಡುಗಿ ಎರಡೂ ತುದಿ ಪೂರ್ತಿ ಕೆರೆದಳು. ಅವಳಪ್ಪ ಕಂಬಿ ಕಟ್ಟುವವನು. ತಂತಿ ಬಾಗಿಸಿ ಬಿಗಿಯುವುದು ಅವಳಿಗೆ ಹೊಸದಲ್ಲ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಒಪ್ಪವಾದ ಸುರುಳಿ ಅವಳದು. ಸುರುಳಿ ಎಂಬ ನನ್ನ ಪದವನ್ನು ಅವಳು ಬಳಸಲಿಲ್ಲ, ‘ಸಿಂಬಿ’ ಅಂದಳು. ಅವಳವ್ವ ಘಮೇಲೆ ಹೊರುವಾಗ ತಲೆಗೆ ಇಟ್ಟುಕೊಳ್ಳುವುದು ಅದನ್ನೇ ಅಲ್ಲವೇ. ಅರ್ಧ ಯಾಕೆ ಕೆರೆಯಲಿಲ್ಲ ಎಂದು ಕೇಳಿದ್ದಕ್ಕೆ ಅವಳ ಉತ್ತರ, ‘ಅರ್ಧಾಮರ್ಧ ಕೆಲಸ ಮಾಡಿದ್ರ ನಮ್ಮಪ್ಪ ಬೈತಾನ ಅಕ್ಕೋರ.’

ಅವಳ ಸಿಂಬಿ ತಿರುಗಲಿಲ್ಲ, ಅತ್ತಿತ್ತ ತೂಗಿತು. ಅವಳು ಬಗ್ಗಿ, ಗಲ್ಲ ಮೇಜಿಗೆ ತಾಗಿಸಿ ನೋಡುತ್ತಿದ್ದಳು. ‘ಅಕ್ಕೋರ, ಇದು ಹೋಗತದ, ಮತ್ತ ಹೊಳ್ಳಿ ಬರತದ. ಯಾರೋ ಎಳದಂಗ ಮಾಡತದ’ ಅಂದಳು.

ಆ ಕೋಣೆಯಲ್ಲಿ ಆ ದಿನ ಯಾರಾದರೂ ವಿಜ್ಞಾನ ಮಾತಾಡಿದ್ದರೆ ಅದು ಈ ಮಾತು ಮಾತ್ರ. ನಾನು ಮಾಡಿದ್ದೇನು? ಇಂಥ ಹೊತ್ತಿಗೆಂದು ಡಬ್ಬಿಯಲ್ಲಿ ನಾವು ಮೊದಲೇ ಸರಿಯಾಗಿ ಕೆರೆದ ಹತ್ತು ಸುರುಳಿ ತಯಾರು ಇಟ್ಟಿರುತ್ತೇವೆ. ಅವಳ ಸಿಂಬಿ ತೆಗೆದು ಪಕ್ಕಕ್ಕಿಟ್ಟು ಡಬ್ಬಿಯದನ್ನು ಕೂರಿಸಿದೆ. ಗಿರ್ರನೆ ತಿರುಗಿತು. ಎಲ್ಲರೂ ಚಪ್ಪಾಳೆ ಹೊಡೆದರು. ಫೋಟೋ ತೆಗೆದವಳೂ ನಾನೇ. ವರದಿಯ ಮೊದಲ ಪುಟದಲ್ಲಿ ಆ ಫೋಟೋ ಬಂತು. ಅದರ ಕೆಳಗೆ ‘ಸ್ವತಃ ತನ್ನ ಕೈಯಿಂದ ಮಾಡಿದ ಮೋಟಾರಿನೊಂದಿಗೆ’ ಎಂದು ಬರೆದವಳೂ ನಾನೇ. ಫೋಟೋ ತೆಗೆದಾದ ಮೇಲೆ ಅವಳು ಕೇಳಿದ್ದು ಒಂದೇ, ‘ನಂದು ಎಲ್ಲಿ ಅದ?’

ಈ ಪ್ರಶ್ನೆಯನ್ನು ಹಿಡಿದು ನಮ್ಮ ಇಡೀ ‘ಮುಟ್ಟಿ ಕಲಿ’ ಪರಂಪರೆಯನ್ನು ಮತ್ತೊಮ್ಮೆ ನೋಡಬೇಕು ಅನಿಸಿತು.

ಪುಣೆಯಲ್ಲಿ ಈ ಪರಂಪರೆ ಬಡವಾಗಿಲ್ಲ. ವಿಶ್ವವಿದ್ಯಾಲಯದ ಆವರಣದಲ್ಲಿ 1988ರಲ್ಲಿ ಹುಟ್ಟಿದ ಖಗೋಳ ವಿಜ್ಞಾನ ಕೇಂದ್ರ ‘ಅಯುಕಾ’ ಇದೆ. ಅದರ ಮೊದಲ ನಿರ್ದೇಶಕ ಜಯಂತ ನಾರ್ಳೀಕರ್ ನಕ್ಷತ್ರ ವಿಜ್ಞಾನಿ, ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನು ಬರೆದವರು. ಶಾಲೆಯ ಮಕ್ಕಳಿಗಾಗಿ ಶನಿವಾರದ ಉಪನ್ಯಾಸಗಳನ್ನು ಶುರುಮಾಡಿದವರು. ಅದೇ ಆವರಣದಲ್ಲಿ ಮಕ್ಕಳ ‘ಮುಕ್ತಾಂಗಣ ವಿಜ್ಞಾನ ಶೋಧಿಕಾ’ ಇದೆ. ಅದರ ಕಟ್ಟಡಕ್ಕೆ ನೆರವಾದದ್ದು ಮರಾಠಿಯ ಮಹಾ ವಿನೋದಕಾರ ಪು.ಲ. ದೇಶಪಾಂಡೆಯವರ ಹೆಸರಿನ ಪ್ರತಿಷ್ಠಾನ. ಪು.ಲ. ನಮ್ಮ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಮಾಡಿದವರು, ಆದ್ದರಿಂದ ನಮಗೂ ಪೂರ್ತಿ ಹೊರಗಿನವರಲ್ಲ. ಕಟ್ಟಡಕ್ಕೆ ಇಟ್ಟ ಹೆಸರು ‘ಪುಲಸ್ತ್ಯ’. ಸಪ್ತರ್ಷಿ ಮಂಡಲದ ಒಂದು ನಕ್ಷತ್ರ ಅದು, ಮೊದಲೆರಡು ಅಕ್ಷರಗಳಲ್ಲಿ ಪು.ಲ. ಕೂಡ ಇದ್ದಾರೆ. ಒಬ್ಬ ಬರಹಗಾರನ ಸಂಪಾದನೆ ಮಕ್ಕಳ ವಿಜ್ಞಾನದ ಮನೆಗೆ ಹೋಯಿತು, ದಾನಿಯ ಹೆಸರು ಆಕಾಶದ ಹೆಸರಿನೊಳಗೆ ಅಡಗಿ ಕೂತಿತು. ದಾನದ ಹೆಸರನ್ನು ಬ್ಯಾನರಿನ ಅಗಲದಲ್ಲಿ ಅಳೆಯುವ ನಮ್ಮಂಥ ಟ್ರಸ್ಟುಗಳು ಇದನ್ನು ನೋಡಿ ಕಲಿಯುವುದಿದೆ.

ಆ ಮನೆಯನ್ನು ದೇಶಕ್ಕೆಲ್ಲ ಪರಿಚಯಿಸಿದವರು ಅರವಿಂದ ಗುಪ್ತಾ. ಕಾನ್ಪುರದ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೋದಲ್ಲಿ ಕೆಲಸಕ್ಕೆ ಸೇರಿ, 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದವರು. ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಲ್ಲಿ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಮನೆ, ಸೇತುವೆ ಕಟ್ಟುವ ಅವರ ಪುಸ್ತಕ ಎಷ್ಟೋ ಶಿಕ್ಷಕರ ಕೈಚೀಲದಲ್ಲಿದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಪುಸ್ತಕಗಳು, ಚಿಕ್ಕ ಚಿತ್ರಗಳು ಎಲ್ಲರಿಗೂ ಬಿಟ್ಟಿ, ಕನ್ನಡದಲ್ಲೂ ಇವೆ. ನಮ್ಮ ಶಿಬಿರದ ಮೋಟಾರೂ ಅಲ್ಲಿಂದ ಬಂದದ್ದೇ.

ಅವರ ಪುಟಗಳ ಗುಣ ಅವುಗಳ ಬಡತನದಲ್ಲಿದೆ. ಗೆರೆಯ ಚಿತ್ರ, ಎರಡು ಸಾಲು ಮಾತು, ಕಸದ ಬುಟ್ಟಿಯಲ್ಲಿ ಸಿಗುವ ಸಾಮಾನು. ಲ್ಯಾಬು ಇಲ್ಲವೆಂಬ ನೆಪ ಯಾವ ಶಾಲೆಗೂ ಉಳಿಯುವುದಿಲ್ಲ. ಆದರೆ ವಿಮರ್ಶಕಿಯಾಗಿ ಒಂದು ಮಾತು ಹೇಳಲೇಬೇಕು. ಒಂದೆರಡು ನಿಮಿಷದ ಆ ಚಿತ್ರಗಳಲ್ಲಿ ಎಲ್ಲವೂ ಮೊದಲ ಸಲವೇ ನಡೆಯುತ್ತದೆ. ಗಿರಿಗಿಟ್ಲೆ ತಿರುಗುತ್ತದೆ, ಪಂಪು ನೀರೆತ್ತುತ್ತದೆ, ಮೋಟಾರು ಓಡುತ್ತದೆ. ತೂಗಿ ನಿಂತ ಸಿಂಬಿ ಅಲ್ಲಿ ಕಾಣುವುದಿಲ್ಲ. ಅಡುಗೆ ಪುಸ್ತಕದಲ್ಲಿ ಸೀದ ಒಬ್ಬಟ್ಟಿನ ಫೋಟೋ ಇರುವುದಿಲ್ಲ ನಿಜ. ಆದರೆ ಒಬ್ಬಟ್ಟು ಕಲಿತವರೆಲ್ಲ ನಾಲ್ಕಾದರೂ ಸೀಯಿಸಿಯೇ ಕಲಿತವರು. ಗುಪ್ತಾ ಅವರನ್ನು ದೂರಿ ಪ್ರಯೋಜನವಿಲ್ಲ, ಆಟಿಕೆಯನ್ನು ಒಡೆಯುವ ಮಗುವಿನ ಪರ ಅವರಷ್ಟು ಮಾತಾಡಿದವರು ಕಡಿಮೆ. ತಪ್ಪು ನಮ್ಮದು. ಪಾಕವಿಧಾನವನ್ನು ಎತ್ತಿಕೊಂಡೆವು, ಅವರು ಅದನ್ನು ಕಲಿತ ಅಡುಗೆಮನೆಯನ್ನು ಬಿಟ್ಟೆವು.

ಆ ಅಡುಗೆಮನೆ ಹೋಶಂಗಾಬಾದ್. 1972ರಲ್ಲಿ ‘ಕಿಶೋರ್ ಭಾರತಿ’ ಮತ್ತು ರಸೂಲಿಯಾದ ‘ಫ್ರೆಂಡ್ಸ್ ರೂರಲ್ ಸೆಂಟರ್’ ಸೇರಿ 16 ಸರ್ಕಾರಿ ಶಾಲೆಗಳಲ್ಲಿ ಶುರುಮಾಡಿದ್ದು. ಮುಂದೆ 1982ರಲ್ಲಿ ಹುಟ್ಟಿದ ‘ಏಕಲವ್ಯ’ ಸಂಸ್ಥೆ ಅದನ್ನು ನೂರಾರು ಶಾಲೆಗಳಿಗೆ ಒಯ್ದಿತು. ಅಲ್ಲಿಯ ‘ಬಾಲ ವೈಜ್ಞಾನಿಕ’ ಪುಸ್ತಕದಲ್ಲಿ ಪ್ರಶ್ನೆಗಳಿದ್ದವು, ಉತ್ತರಗಳನ್ನು ನಾಲ್ಕು ನಾಲ್ಕು ಮಕ್ಕಳ ಗುಂಪು ಪ್ರಯೋಗ ಮಾಡಿ ತಾವೇ ಬರೆಯಬೇಕಿತ್ತು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡು ಕೂರಬಹುದಿತ್ತು. ಯಾವ ಮಗುವಿನ ಪ್ರಯೋಗ ಬೇರೆ ಫಲ ಕೊಟ್ಟಿತೋ ಅದರ ಬಗ್ಗೆ ತರಗತಿ ಮಾತಾಡಬೇಕಿತ್ತು. ನಿಧಾನದ ಕೆಲಸ, ಫೋಟೋಕ್ಕೆ ಒಗ್ಗದ ಕೆಲಸ. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಆಟಿಕೆಗಳು ಉಳಿದವು, ಶಾಲೆಗಳೊಳಗಿನ ಆ ಮಾತುಕತೆ ನಿಂತಿತು. ನಮ್ಮ ಶಿಬಿರಗಳು ಈ ಉಳಿದದ್ದರ ವಾರಸುದಾರರು.

ದೂರದ ಒಂದು ಉದಾಹರಣೆಯೂ ಇಲ್ಲಿ ಬೇಕು. ಮುಟ್ಟಿ ನೋಡುವ ವಿಜ್ಞಾನ ಮ್ಯೂಸಿಯಂ ಎಂದರೆ ಲೋಕವೆಲ್ಲ ನೆನೆಯುವುದು ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ. 1969ರಲ್ಲಿ ಅದನ್ನು ಕಟ್ಟಿದ ಫ್ರ್ಯಾಂಕ್ ಓಪನ್‌ಹೈಮರ್ ಅಣುಬಾಂಬಿನ ರಾಬರ್ಟ್ ಓಪನ್‌ಹೈಮರನ ತಮ್ಮ. ರಾಜಕೀಯ ಬೇಟೆಯ ಕಾಲದಲ್ಲಿ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು ಕೊಲೊರಾಡೋದಲ್ಲಿ ದನ ಸಾಕಿ, ಆಮೇಲೆ ಹಳ್ಳಿಯ ಹೈಸ್ಕೂಲಿನಲ್ಲಿ ಪಾಠ ಮಾಡಿದವನು. ಅವನ ಮ್ಯೂಸಿಯಂನಲ್ಲಿ ವಿಜ್ಞಾನಿಯೂ ಕಲಾವಿದನೂ ಒಂದೇ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದರು. ಬಂದವರ ಜೊತೆ ನಿಂತು ವಿವರಿಸುವ ಕೆಲಸ ಅವನು ಕೊಟ್ಟದ್ದು ಹೈಸ್ಕೂಲು ಹುಡುಗ ಹುಡುಗಿಯರಿಗೆ. ಬಹಳ ತಿಳಿದವರು ಬೇಗ ಉತ್ತರ ಹೇಳಿಬಿಡುತ್ತಾರೆ. ಈಗಷ್ಟೇ ತಾನೂ ತಡವರಿಸಿ ತಿಳಿದವರು ಇನ್ನೊಬ್ಬರ ತಡವರಿಕೆಗೆ ಸ್ವಲ್ಪ ಹೊತ್ತು ಕೊಡುತ್ತಾರೆ. ನಾನು ಆ ದಿನ ಬಹಳ ತಿಳಿದವಳಾಗಿದ್ದೆ.

ಚಿತ್ರಕಲೆಯ ಕೋಣೆಯಲ್ಲೂ ಇದೇ ಕಥೆ. ಅಲ್ಲಿ ಪ್ರತಿ ಮಗುವಿಗೆ ನವಿಲಿನ ಅಚ್ಚು ಹಾಕಿದ ಹಾಳೆ, ಬಣ್ಣದ ಕಾಗದದ ಚೂರು, ಅಂಟು. ನವಿಲನ್ನು ತುಂಬಬೇಕು. ಒಬ್ಬ ಹುಡುಗ ನವಿಲಿನ ಮೇಲೆಯೇ ಅಂಚಿನಿಂದ ಶುರುಮಾಡಿ ಚೌಕದೊಳಗೆ ಚೌಕ ಅಂಟಿಸುತ್ತ ಬಂದ. ಉಸ್ತುವಾರಿಯವರು ಹೊಸ ಹಾಳೆ ಕೊಟ್ಟರು. ಅವನು ಮಾಡುತ್ತಿದ್ದುದು ಕೌದಿ. ಶೆಡ್ಡಿನಲ್ಲಿ ಅವನು ಮಲಗುವುದು ಅವನವ್ವ ಹೊಲಿದ ಕೌದಿಯ ಮೇಲೆ. ಹಳೆಯ ಸೀರೆ, ಧೋತರ ಪದರ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸಾಲುಹೊಲಿಗೆ ಹಾಕುತ್ತ ಬರುವ ಕೌದಿ. ಬಣ್ಣದ ತುಂಡು ಎಲ್ಲಿ ಕೂರಬೇಕೆಂಬ ಲೆಕ್ಕ ಆ ಕೈಗಳಿಗೆ ಗೊತ್ತು. ಕೌದಿಯನ್ನು ನಗರದ ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕಿದರೆ ಕಲೆ ಅನ್ನುತ್ತೇವೆ. ಕೌದಿಯ ಮನೆಯ ಹುಡುಗ ಅದನ್ನು ಕಾಗದದಲ್ಲಿ ಕಟ್ಟಿದರೆ ನವಿಲು ಹಾಳಾಯಿತು ಅನ್ನುತ್ತೇವೆ.

ಇಲ್ಲಿಗೆ ನನ್ನ ವಾದದ ಗಂಟು ಬಂತು. ‘ಕೈಯಿಂದ ಕಲಿ’ ಎಂಬ ಮಾತು ಹುಟ್ಟಿದ್ದು ಪುಸ್ತಕದಲ್ಲೇ ಮುಳುಗಿದ, ಕೈ ಸೋಮಾರಿಯಾದ ಮಕ್ಕಳ ಚಿಂತೆಯಿಂದ. ಅಂಥ ಮಗುವಿಗೆ ತಂತಿ, ಮೊಳೆ, ಅಂಟು ಹೊಸ ಲೋಕ. ಆದರೆ ಶೆಡ್ಡಿನ ಮಕ್ಕಳ ಕೈ ಎಂದೂ ಖಾಲಿ ಇದ್ದದ್ದಲ್ಲ. ನೀರು ತರುವ, ತಮ್ಮನನ್ನು ಎತ್ತಿಕೊಳ್ಳುವ, ಒಲೆ ಹೊತ್ತಿಸುವ ಕೈ ಅದು. ಬೆಂಕಿಕಡ್ಡಿಯ ಚೌಕ ವಾಲುತ್ತದೆ, ಕರ್ಣಕ್ಕೆ ಒಂದು ಕಡ್ಡಿ ಸಿಕ್ಕಿಸಿದರೆ ಗಟ್ಟಿಯಾಗುತ್ತದೆ ಎಂದು ನಾವು ತೋರಿಸಿದಾಗ ಒಬ್ಬ ಹುಡುಗ ಆಕಳಿಸಿದ. ‘ಪರಾಂಚಿಗೂ ಅಡ್ಡ ಕೋಲು ಕಟ್ಟತಾರ, ಇಲ್ಲಾಂದ್ರ ಬೀಳತದ’ ಅಂದ. ಪರಾಂಚಿ ಎಂದರೆ ಕಟ್ಟಡದ ಸುತ್ತ ಬೊಂಬಿನಿಂದ ಕಟ್ಟುವ ಅಟ್ಟಣಿಗೆ. ಈ ಮಕ್ಕಳಿಗೆ ನಾವು ಕೊಡಬೇಕಾದದ್ದು ಕೈಗೆ ಕೆಲಸವಲ್ಲ. ಅವರ ಕೈಗೆ ಈಗಾಗಲೇ ಗೊತ್ತಿರುವುದನ್ನು ಹೇಳಲು ಬಿಡುವು ಕೊಡಬೇಕು, ಹೇಳಿದರೆ ಕೇಳಿಸಿಕೊಳ್ಳುವ ಒಬ್ಬರನ್ನು ಕೊಡಬೇಕು.

ಇದು ಭಾಷೆಯ ಪ್ರಶ್ನೆಯೂ ಹೌದು, ಹೊರನಾಡಿನಲ್ಲಿ ಕನ್ನಡ ಓದುವ ನಮ್ಮ ಮುಂದೆ ಇದನ್ನು ಇಡುವುದು ಅದಕ್ಕೇ. ಶಿಬಿರದಲ್ಲಿ ನಾನು ಅನುವಾದಕಿ. ಹನ್ನೊಂದು ವರ್ಷ ನಾನು ಮಾಡಿದ ಅನುವಾದ ಒಂದೇ ದಿಕ್ಕಿನದು. ಮರಾಠಿಯ ಸೂಚನೆ ಕನ್ನಡಕ್ಕೆ ಇಳಿಯಿತು. ಕನ್ನಡದ ‘ಹೊಳ್ಳಿ ಬರತದ’ ಎಂದೂ ಮರಾಠಿಗೆ ಏರಲಿಲ್ಲ. ಏರಿದ್ದರೆ ಆ ಉಸ್ತುವಾರಿಯವರೂ ನಿಲ್ಲುತ್ತಿದ್ದರು, ಅವರೇನು ಕಲ್ಲುಮನಸ್ಸಿನವರಲ್ಲ. ಸಿಂಬಿ ಎಂಬ ಮಾತನ್ನು ನಾನು ಹಿಡಿದುಕೊಂಡಿದ್ದರೆ ಹದಿನೆಂಟು ಮಕ್ಕಳಿಗೂ ಸುರುಳಿಯ ರೂಪ ಒಂದೇ ಪದದಲ್ಲಿ ತಿಳಿಯುತ್ತಿತ್ತು. ಕನ್ನಡದಲ್ಲಿ ಮಕ್ಕಳಿಗೆ ಲೋಕವನ್ನು ಹೇಳುವ ದೊಡ್ಡ ಪ್ರಯತ್ನ 1930ರ ದಶಕದಲ್ಲೇ ಶಿವರಾಮ ಕಾರಂತರ ‘ಬಾಲ ಪ್ರಪಂಚ’ದಿಂದ ನಡೆದಿದೆ. ಅವರ ಪುತ್ತೂರಿನ ಬಾಲವನ ಮಕ್ಕಳ ಶಿಕ್ಷಣದ ಪ್ರಯೋಗಗಳ ಜಾಗವಾಗಿತ್ತು. ಆ ಪರಂಪರೆಯ ಹೆಸರು ಹೇಳುವ ನಾನು ಒಂದು ಮಗುವಿನ ಬಾಯಲ್ಲಿ ಬಂದ ಕನ್ನಡವನ್ನು ಪಕ್ಕಕ್ಕಿಟ್ಟು ಪಠ್ಯದ ಕನ್ನಡ ಹೇಳಿದೆ.

ಇದಕ್ಕೆ ಎದುರಾಗಿ ನನಗೆ ನೆನಪಾಗುವುದು ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳಕರ್ ಮ್ಯೂಸಿಯಂ. ಒಬ್ಬ ಮನುಷ್ಯ ಸುಮಾರು 1920ರಿಂದ ಊರೂರು ತಿರುಗಿ ಕೂಡಿಸಿದ್ದು, ಚಿಕ್ಕಂದಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ಇಟ್ಟದ್ದು. ದೀಪಗಳು, ಅಡಕೊತ್ತುಗಳು, ಅಡುಗೆ ಪಾತ್ರೆಗಳು, ವಾದ್ಯಗಳು. ಎಲ್ಲವೂ ಗಾಜಿನ ಹಿಂದೆ, ಮುಟ್ಟುವಂತಿಲ್ಲ. ನಮ್ಮ ಮಾತಿನಲ್ಲಿ ಹಳೇ ಕಾಲದ ಮ್ಯೂಸಿಯಂ. ಇದೇ ಮಕ್ಕಳನ್ನು ಅಲ್ಲಿಗೂ ಒಮ್ಮೆ ಕರೆದೊಯ್ದಿದ್ದೆ. ಅಡಕೊತ್ತಿನ ಮುಂದೆ ಗದ್ದಲವೋ ಗದ್ದಲ. ‘ನಮ್ಮ ಆಯಿ ಹತ್ರ ಅದ’, ‘ನಮ್ಮದಕ್ಕ ಹಿಡಿ ಹಿಂಗಿಲ್ಲ’, ‘ಇದು ಬಾಳ ದೊಡ್ಡದು, ಇದರಾಗ ಹೆಂಗ ಕತ್ತರಸ್ತಾರ?’ ಅಲ್ಲಿ ಕೈ ಕಟ್ಟಿತ್ತು, ಬಾಯಿ ಬಿಚ್ಚಿತ್ತು. ನಮ್ಮ ಶಿಬಿರದಲ್ಲಿ ಕೈ ಬಿಚ್ಚಿ ಬಾಯಿ ಕಟ್ಟಿದೆವು.

ಟ್ರಸ್ಟಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಹಿರಿಯರೊಬ್ಬರು ಕೇಳಿದರು. ‘ನೋಡಮ್ಮ, ಆ ಮಕ್ಕಳಿಗೆ ತಿಂಗಳಿಗೊಂದು ಭಾನುವಾರ ಸಿಗುವುದು. ಅದರಲ್ಲೂ ಮೋಟಾರು ತಿರುಗದೆ ಸಪ್ಪೆ ಮೋರೆ ಹಾಕಿಕೊಂಡು ಹೋಗಲಿ ಅಂತೀಯಾ? ತಿರುಗಿದ್ದು ನೋಡಿ ಕಣ್ಣರಳಿಸುತ್ತಾರಲ್ಲ, ಅದು ಸುಳ್ಳಾ?’ ಸುಳ್ಳಲ್ಲ. ಆ ಖುಷಿಯನ್ನು ನಾನೂ ಕಂಡಿದ್ದೇನೆ, ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ದುಡ್ಡು ಕೊಡುವವರು ಲೆಕ್ಕ ಕೇಳುತ್ತಾರೆ ಎಂಬುದೂ ನಿಜ, ಬಸ್ಸಿನವನಿಗೆ ಡೀಸೆಲ್ಲಿನ ದುಡ್ಡು ಬೇಕು. ಆದರೆ ಆ ಹುಡುಗಿ ಸಪ್ಪೆ ಮೋರೆ ಹಾಕಿರಲಿಲ್ಲ. ತೂಗುವ ಸಿಂಬಿಯನ್ನು ನೋಡುವಾಗ ಅವಳ ಮುಖದಲ್ಲಿದ್ದ ಗಮನ ಆ ಫೋಟೋದಲ್ಲಿಲ್ಲ. ಫೋಟೋದಲ್ಲಿ ಇರುವುದು ‘ನಗು’ ಎಂದಾಗ ನಕ್ಕ ನಗು. ಸಪ್ಪೆ ಮೋರೆಯ ಭಯ ಇದ್ದದ್ದು ನಮಗೆ.

ಈ ವರ್ಷ ನಾನು ಕೇಳಿಕೊಂಡದ್ದು ಮೂರು ಬದಲಾವಣೆ. ಡಬ್ಬಿಯಲ್ಲಿ ತಯಾರಿ ಸುರುಳಿ ಇಡಬಾರದು. ಒಂದು ದಿನಕ್ಕೆ ಒಂದೇ ವಸ್ತು, ಅದು ಕೆಟ್ಟರೆ ಯಾಕೆ ಕೆಟ್ಟಿತೆಂದು ಮಕ್ಕಳು ಮೊದಲು ಮಾತಾಡಬೇಕು, ಅವರವರ ಮಾತಿನಲ್ಲಿ. ಅನುವಾದ ಎರಡೂ ದಿಕ್ಕಿಗೆ ನಡೆಯಬೇಕು. ಮೊದಲ ಭಾನುವಾರ ತಿರುಗಿದ್ದು ನಾಲ್ಕೇ ಮೋಟಾರು. ಗದ್ದಲ ಮಾತ್ರ ಕೇಳಕರ್ ಮ್ಯೂಸಿಯಂನ ಅಡಕೊತ್ತಿನ ಮುಂದಿನಷ್ಟೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗ ತಾನೇ ಕೆರೆದ ತುದಿಗೆ ಯಾರದೋ ನೇಲ್ ಪಾಲಿಶ್ ಅರ್ಧ ಹಚ್ಚಿ ಒಣಗಿಸಿ ತಿರುಗಿಸಿದ. ನಮಗಾರಿಗೂ ಅದು ಹೊಳೆದಿರಲಿಲ್ಲ.

ಆ ಹುಡುಗಿ ಇದನ್ನು ನೋಡಲಿಲ್ಲ. ಆ ಕಟ್ಟಡದ ಕಂಬಿ ಕೆಲಸ ಮುಗಿದು ಮಳೆಗಾಲಕ್ಕೆ ಮೊದಲೇ ಅವರು ಶೆಡ್ಡು ಖಾಲಿ ಮಾಡಿದ್ದರು. ಊರಿಗೆ ಹೋದರೋ, ಬೇರೆ ಸೈಟಿಗೋ, ಪಕ್ಕದ ಶೆಡ್ಡಿನವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೊರಡುವ ದಿನ ಅವಳು ತನ್ನ ಸಿಂಬಿಯನ್ನು ಲಂಗದ ಜೇಬಿನಲ್ಲಿ ಇಟ್ಟುಕೊಂಡಿದ್ದಳೆಂದು ಗೆಳತಿ ಹೇಳಿದಳು. ಅದು ಯಾಕೆ ಹೊಳ್ಳಿ ಬರುತ್ತಿತ್ತೆಂದು ಅವಳಿಗೆ ಹೇಳಬೇಕಾದ ಸಾಲ ನನ್ನ ಮೇಲಿದೆ.

ಮಾರ್ಚ್ ಬಂದಿದೆ, ವರದಿ ಬರೆಯುತ್ತಿದ್ದೇನೆ. ಹೋದ ವರ್ಷದ ಆ ಫೋಟೋವನ್ನು ಮತ್ತೆ ಹಾಕಿದ್ದೇನೆ, ಕೆಳಗಿನ ಸಾಲು ಮಾತ್ರ ತಿದ್ದಿದ್ದೇನೆ. ‘ಈ ಮೋಟಾರು ನಾವು ಮಾಡಿದ್ದು. ಅವಳು ಮಾಡಿದ್ದು ತಿರುಗಲಿಲ್ಲ. ಯಾಕೆ ತಿರುಗಲಿಲ್ಲ ಎಂದು ಅವಳು ನೋಡುತ್ತಿದ್ದಾಗ ನಾವು ಕಸಿದುಕೊಂಡೆವು.’ ದಾನಿಗಳು ಏನನ್ನುತ್ತಾರೋ ನೋಡಬೇಕು.